ಕೇಸರಿಬಾತಿಗೆ ಸೈ, ರವೆ ಉಂಡೆಗೆ ಬೇಡ: ಕ್ಸೈಲಿಟಾಲ್ ಬಳಸಿದ ನನ್ನ ಅನುಭವ

ನಮ್ಮ ಯಜಮಾನರಿಗೆ ಶುಗರ್ ಬಂದ ಮೇಲೆ ನಾನು ಅಡುಗೆಗೆ ಕ್ಸೈಲಿಟಾಲ್ ಬಳಸಲು ಶುರು ಮಾಡಿದೆ. ಬರ್ಚ್ ಮರದಿಂದಲೋ ಮೆಕ್ಕೆಜೋಳದ ದಿಂಡಿನಿಂದಲೋ ತಯಾರಿಸುವ ಬಿಳಿ ಹರಳು ಇದು. ಸಿಹಿ ಹೆಚ್ಚುಕಡಿಮೆ ಸಕ್ಕರೆಯಷ್ಟೇ, ಹಾಗಾಗಿ ಅಳತೆ ಬದಲಿಸಬೇಕಿಲ್ಲ. ಗ್ರಾಂಗೆ 2.4 ಕ್ಯಾಲೊರಿ, ಸಕ್ಕರೆಗಾದರೆ 4. ರಕ್ತದಲ್ಲಿ ಗ್ಲೂಕೋಸ್ ಏರುವುದೂ ಕಡಿಮೆ. ಆದರೆ ರವೆ, ಶ್ಯಾವಿಗೆ ಏರಿಸುವುದನ್ನು ಇದು ತಡೆಯುವುದಿಲ್ಲ. ಬಟ್ಟಲು ಚಿಕ್ಕದೇ ಇರಬೇಕು.

ಮೊದಲು ಒಪ್ಪಿದ್ದು ಕೇಸರಿಬಾತ್. ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದ ರವೆ ಕುದಿನೀರಿನಲ್ಲಿ ಪೂರ್ತಿ ಬೆಂದ ಮೇಲೆ ಹರಳು ಸುರಿದರೆ, ಸಕ್ಕರೆ ಹಾಕಿದಾಗಿನಂತೆಯೇ ಮಿಶ್ರಣ ಸಡಿಲವಾಗಿ, ತಿರುವುತ್ತಾ ಹೋದಂತೆ ಮತ್ತೆ ಬಿಗಿಯಾಗಿ ಬಾಣಲೆ ಬಿಡುತ್ತದೆ. ಮನೆಗೆ ಬಂದವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಶ್ಯಾವಿಗೆ ಪಾಯಸ, ಕಾಫಿಗೂ ತೊಂದರೆಯಿಲ್ಲ.

ರವೆ ಉಂಡೆಯ ಕಥೆಯೇ ಬೇರೆ. ಅಲ್ಲಿ ಪುಡಿ ಕರಗದೆ ಉಳಿದು ಬಾಯಲ್ಲಿ ಕರಗುತ್ತದೆ. ಕರಗುವಾಗ ಈ ಹರಳು ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ ನಾಲಿಗೆ ತಣ್ಣಗಾಗುತ್ತದೆ. ಏಲಕ್ಕಿ, ಹುರಿದ ದ್ರಾಕ್ಷಿಯ ನಡುವೆ ಪೆಪ್ಪರ್‌ಮಿಂಟ್‌ನಂಥ ಆ ತಂಪು ನನಗೆ ಹಿಡಿಸಲಿಲ್ಲ. ಅದಕ್ಕೇ ನನ್ನ ನಿಯಮ: ಒಲೆಯ ಮೇಲೆ ಪೂರ್ತಿ ಕರಗುವ ಸಿಹಿಗೆ ಮಾತ್ರ ಇದು. ಎಳೆ ಪಾಕ ಬೇಕಾದ ಮೈಸೂರ್ ಪಾಕಿಗೆ ನಾನು ಇದನ್ನು ಹಾಕುವುದಿಲ್ಲ. ಸಕ್ಕರೆಯಂತೆ ಕಂದುಬಣ್ಣಕ್ಕೂ ತಿರುಗದು. ಬ್ರೆಡ್, ಬನ್ನಿನ ಯೀಸ್ಟ್ ಇದನ್ನು ತಿನ್ನುವುದಿಲ್ಲ, ಹಿಟ್ಟು ಉಬ್ಬಲು ಒಂದು ಚಿಟಿಕೆ ನಿಜವಾದ ಸಕ್ಕರೆ ಬೆರೆಸುತ್ತೇನೆ.

ಹೊಟ್ಟೆಯ ವಿಷಯ ಮುಚ್ಚಿಡಬಾರದು. ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ದಿನಕ್ಕೆ ಒಂದು ಚಮಚದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸುವುದು ಒಳ್ಳೆಯದು. 2024ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು, ರಕ್ತದಲ್ಲಿ ಕ್ಸೈಲಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚಿತ್ತು ಎಂದು ವರದಿ ಮಾಡಿದರು. ಇದೇ ಕಾರಣ ಎಂದು ಅದರಿಂದ ಸಾಬೀತಾಗಿಲ್ಲ. ಆದರೂ ಅಂದಿನಿಂದ ನಾನು ಇದನ್ನು ಹಬ್ಬದ ದಿನಕ್ಕೆ, ಭಾನುವಾರಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ: ನಾಯಿಗೆ ಇದು ವಿಷ. ಸ್ವಲ್ಪ ತಿಂದರೂ ಅದರ ಮೈಯಲ್ಲಿ ಇನ್ಸುಲಿನ್ ಉಕ್ಕಿ ಸಕ್ಕರೆ ಅಂಶ ಕುಸಿಯುತ್ತದೆ, ಲಿವರ್ ಕೂಡ ಹಾಳಾಗಬಹುದು. ಉಳಿದ ಸಿಹಿಯನ್ನು ಬೀದಿ ನಾಯಿಗೆ ಹಾಕುವ ರೂಢಿ ನಮ್ಮಲ್ಲಿತ್ತು. ಕ್ಸೈಲಿಟಾಲ್ ಬೆರೆಸಿದ್ದು ಒಂದು ತುತ್ತೂ ಹಾಗೆ ಹೊರಗೆ ಹೋಗದಂತೆ ಈಗ ನೋಡಿಕೊಳ್ಳುತ್ತೇನೆ, ಡಬ್ಬಿಯ ಮೇಲೂ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ.