ಉಕ್ಕಿನ ಕೈ, ಕಾರ್ಬನ್ ಪ್ಯಾನೆಲ್

ವರ್ಷಗಟ್ಟಲೆ ಉಕ್ಕಿನ ವೆಲ್ಡಿಂಗ್‌ಗೆ ಎಕ್ಸ್‌ರೇ ತೆಗೆದು ಪಳಗಿದ ಕೈ ನನ್ನದು. ಮೊದಲ ಸಲ ಕಾರ್ಬನ್ ಫೈಬರ್ ಪ್ಯಾನೆಲ್ ಬಂದಾಗ ಅದೇ ಧೈರ್ಯದಲ್ಲಿ 120 ಕೆವಿ (ಕಿಲೋವೋಲ್ಟ್, ಇದು ಏರಿದಷ್ಟೂ ಕಿರಣ ಗಟ್ಟಿ) ಇಟ್ಟೆ. ಫಿಲ್ಮ್ ತೊಳೆದು ನೋಡಿದರೆ ಪೂರ್ತಿ ಕಪ್ಪು, ಕಿರಣ ಬಿದ್ದಷ್ಟೂ ಫಿಲ್ಮ್ ಕಪ್ಪಾಗುತ್ತದಲ್ಲ. ಸಮಯ ಕಡಿಮೆ ಮಾಡಿ ಮತ್ತೆ ತೆಗೆದೆ, ಈ ಸಲ ಬರೀ ಬೂದು.

ಇಂಗಾಲವೂ ಅದರ ಎಳೆಗಳನ್ನು ಹಿಡಿದಿಡುವ ರೆಸಿನ್ನೂ ಹಗುರ ಅಲ್ವಾ, ಗಟ್ಟಿ ಕಿರಣವನ್ನು ತಡೆಯುವುದೇ ಇಲ್ಲ. ಕೆವಿ ಇಳಿಸುತ್ತಾ ಇಳಿಸುತ್ತಾ ಕೊನೆಗೆ 25ಕ್ಕೆ ಬಂದು ನಿಂತೆ. ಮೆತ್ತನೆಯ ಕಿರಣವನ್ನೂ ಹೊರಗೆ ಬಿಡುವ, ಬೆರಿಲಿಯಂ ಎಂಬ ಹಗುರ ಲೋಹದ ಕಿಟಕಿಯ ಟ್ಯೂಬ್ ಬೇಕಾಯಿತು. ಫಿಲ್ಮ್‌ಗೆ ಒತ್ತಿ ಇಡುವ ಸೀಸದ ತೆಳು ಹಾಳೆ, ಅಂದರೆ ಸ್ಕ್ರೀನ್, ತೆಗೆದಿಟ್ಟೆ, ಇಷ್ಟು ಮೆತ್ತನೆಯ ಕಿರಣವನ್ನು ಅದೇ ನುಂಗಿಬಿಡುತ್ತದೆ. ಟ್ಯೂಬನ್ನು ತೀರಾ ದೂರ ಇಟ್ಟರೆ ನಡುವಿನ ಗಾಳಿಯೂ ತನ್ನ ಪಾಲು ಕೇಳುತ್ತದೆ, ಹತ್ತಿರ ಇಟ್ಟರೆ ಪ್ಯಾನೆಲ್ ಒಳಗಿನ ಜೇನುಗೂಡು ಕೋರ್‌ನ (ಸಣ್ಣ ಸಣ್ಣ ಕೋಶಗಳ ತಿರುಳು) ಅಂಚಿನ ಗೋಡೆಗಳು ವಾಲಿದ ಹಾಗೆ ಕಾಣುತ್ತವೆ. ಹಾಗಂತ ಕಡಿಮೆ ಕೆವಿ ಎಂದು ಸಲುಗೆ ಬೇಡ, ಮೆತ್ತನೆಯ ಕಿರಣ ಜಾಸ್ತಿ ಸುಡುವುದು ಚರ್ಮವನ್ನೇ.

ಪದರ ಬಿಟ್ಟಿದೆಯಾ ನೋಡಿ ಎಂದು ಈಗಲೂ ಪ್ಯಾನೆಲ್ ತರುತ್ತಾರೆ. ನಾನು ಅಲ್ಟ್ರಾಸಾನಿಕ್ (ಶಬ್ದದ ಅಲೆ ಬಿಟ್ಟು ನೋಡುವ) ಪರೀಕ್ಷೆ ಕಡೆ ಕಳಿಸುತ್ತೇನೆ. ಎರಡು ಪದರದ ನಡುವೆ ಹಾಳೆಯಷ್ಟು ಸಂದು ಬಿಟ್ಟಿದ್ದರೆ, ಕಿರಣ ಅದಕ್ಕೆ ನೇರವಾಗಿ ಬೀಳುವಾಗ ದಪ್ಪದಲ್ಲಿ ವ್ಯತ್ಯಾಸವೇ ಇರುವುದಿಲ್ಲ, ಫಿಲ್ಮ್‌ನಲ್ಲಿ ಎಲ್ಲಿಂದ ಕಾಣಬೇಕು? ಕಿರಣದ ದಿಕ್ಕಿನಲ್ಲೇ ಸೀಳಿದ ಬಿರುಕಾದರೆ ಬೇರೆ ಮಾತು.

ಎಕ್ಸ್‌ರೇಯ ನಿಜವಾದ ಗತ್ತು ನೋಡಬೇಕಾದರೆ ಜೇನುಗೂಡು ಕೋರ್‌ಗೇ ಬರಬೇಕು. ಒಂದು ಪ್ಯಾನೆಲ್‌ನ ಅಂಚಿನ ಹತ್ತಿರ ಒಂಬತ್ತು ಕೋಶಗಳು ಬೆಳ್ಳಗೆ ಕಂಡವು. ನೀರು ನುಗ್ಗಿದೆ, ಅಷ್ಟೂ ಕತ್ತರಿಸಿ ಹೊಸ ಕೋರ್ ಹಾಕೋಣ ಎಂದು ರಿಪೇರಿಯವರು ಹೊರಟೇಬಿಟ್ಟರು. ನನಗೆ ಅನುಮಾನ. ಕೋಶದಲ್ಲಿ ತುಂಬಿಕೊಂಡ ಅಂಟೂ ಫಿಲ್ಮ್‌ನಲ್ಲಿ ಹೀಗೇ ಬೆಳ್ಳಗೆ ಬರುತ್ತದೆ, ಮಲಗಿಸಿ ತೆಗೆದ ಒಂದೇ ಚಿತ್ರದಲ್ಲಿ ಎರಡೂ ಒಂದೇ ಥರ.

ಪ್ಯಾನೆಲನ್ನು ಅಂಚಿನ ಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು, ಟ್ಯೂಬನ್ನು ಅಡ್ಡಕ್ಕೆ ತಿರುಗಿಸಿ ಇನ್ನೊಂದು ಫಿಲ್ಮ್ ತೆಗೆದೆ. ಏಳು ಕೋಶಗಳಲ್ಲಿ ಬಿಳುಪು ಕೆಳಗಿಳಿದಿತ್ತು. ಮೇಲರ್ಧ ಕಪ್ಪು, ಕೆಳಗೆ ಬಿಳಿ, ನಡುವೆ ಲೋಟದಲ್ಲಿ ನೀರು ನಿಂತ ಹಾಗೆ ಒಂದು ಗೆರೆ. ಉಳಿದ ಎರಡು ಕಿಂಚಿತ್ತೂ ಕದಲಿರಲಿಲ್ಲ. ಅವು ಅಂಟು. ರಿಪೇರಿಯವರು ಪೆನ್ಸಿಲ್‌ನಲ್ಲಿ ಎಳೆದಿದ್ದ ಗುರುತನ್ನು ಅಳಿಸಿ, ಆ ಎರಡನ್ನು ಬಿಟ್ಟು, ಮತ್ತೆ ಎಳೆದರು.