ಕಮಾನು ಕಿಟಕಿ: ಮರದಲ್ಲೂ ಅಲ್ಯೂಮಿನಿಯಂನಲ್ಲೂ ಮಾಡಿದ ನನ್ನ ಅನುಭವ

ಹಳೇ ಮನೆಯ ಕಮಾನು ಕಿಟಕಿ ಬದಲಾಯಿಸುವಾಗ ಟೇಪು ಹಿಡಿದು ಅಗಲ, ಎತ್ತರ ಬರೆದುಕೊಂಡು ಬಂದರೆ ಸಾಲದು. ಲೆಕ್ಕವೇನೋ ಸುಲಭ. ಅರ್ಧ ಅಗಲದ ವರ್ಗಕ್ಕೆ ಕಮಾನಿನ ಏರಿನ (ಕಮಾನು ಶುರುವಾಗುವಲ್ಲಿಂದ ಅದರ ತುದಿವರೆಗಿನ ಎತ್ತರದ) ವರ್ಗ ಕೂಡಿಸಿ, ಏರಿನ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ. 48 ಇಂಚು ಅಗಲ, 12 ಇಂಚು ಏರು ಇದ್ದರೆ 30 ಇಂಚು. ಆದರೆ ಮೈಸೂರಿನ ಅಗ್ರಹಾರದಲ್ಲಿ ನಾನು ಕೆಲಸ ಮಾಡಿದ ಇಟ್ಟಿಗೆ-ಗಾರೆಯ ಮನೆಯಲ್ಲಿ ಕಮಾನಿನ ಎಡ ಭುಜ ಬಲಕ್ಕಿಂತ ಒಂದು ಬೆರಳು ಕೆಳಗಿತ್ತು. ಹಾಗಾಗಿ ತೆಳು ಪ್ಲೈವುಡ್ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಒಳಗಿನಿಂದ ಪೆನ್ಸಿಲ್ ಓಡಿಸಿ, ಗೋಡೆಯದೇ ಅಚ್ಚು ತೆಗೆಯುತ್ತೇನೆ. ಅದರ ಮೇಲೆ ಎಡ, ಬಲ, ಒಳಗೆ, ಹೊರಗೆ ಎಂದು ಅಲ್ಲೇ ಬರೆಯಬೇಕು. ಮುಂದೆ ಮರ, ಅಲ್ಯೂಮಿನಿಯಂ ಎರಡಕ್ಕೂ ಆ ಅಚ್ಚೇ ಆಧಾರ.

ಹಳೇ ಚೌಕಟ್ಟು ಕೀಳುವ ಮುಂಚೆ ಕಮಾನಿನ ಇಟ್ಟಿಗೆಗಳನ್ನು ತಟ್ಟಿ ನೋಡುತ್ತೇನೆ. ಕಮಾನು ಗಟ್ಟಿಯಿದ್ದರೆ ಮೇಲಿನ ಭಾರವನ್ನು ಅದೇ ಎರಡೂ ಪಕ್ಕಕ್ಕೆ ದಾಟಿಸುತ್ತದೆ. ನಡುವಿನ ಇಟ್ಟಿಗೆ ಸಡಿಲವಾಗಿದ್ದರೆ ಭಾರ ಚೌಕಟ್ಟಿನ ಮೇಲೆ ಕೂತಿರಬಹುದು, ಆಗ ಕೆಳಗಿನಿಂದ ಆಸರೆ ಕೊಡದೆ ಕೈ ಹಾಕಬಾರದು. ಹಾರೆ ಹಾಕಿ ಮೀಟುವುದಂತೂ ಬೇಡವೇ ಬೇಡ. ಚೌಕಟ್ಟನ್ನು ಗರಗಸದಿಂದ ತುಂಡು ಮಾಡಿ ಒಳಕ್ಕೆ ಬಿಡಿಸಿಕೊಳ್ಳುವುದೇ ಸರಿ.

ಬೀದಿ ಕಡೆಗೆ ತೇಗವನ್ನೇ ಹಾಕಿದೆ. ಅಗಲದ ಒಂದೇ ಹಲಗೆಯಲ್ಲಿ ಕಮಾನು ಕೊಯ್ದರೆ ಎರಡೂ ತುದಿಯಲ್ಲಿ ನಾರು ಅಡ್ಡ ಕಡಿದುಹೋಗಿ ಅಲ್ಲೇ ಸೀಳುತ್ತದೆ. ನಾನು ಸಣ್ಣ ತುಂಡುಗಳನ್ನು ನಾರು ಬಾಗಿನ ಜೊತೆ ಸಾಗುವಂತೆ ಕೊಯ್ದು, ಎರಡು ಪದರ ಮಾಡಿ, ಒಂದು ಪದರದ ಕೀಲು ಇನ್ನೊಂದರ ತುಂಡಿನ ನಡುವೆ ಬರುವ ಹಾಗೆ ಅಂಟಿಸುತ್ತೇನೆ. ಮರ ಚೆನ್ನಾಗಿ ಒಣಗಿರಲೇಬೇಕು.

ಕದ ಪೂರ್ತಿ ಕಮಾನಿನ ಆಕಾರದಲ್ಲೇ ಇರಲಿ ಎಂದು ಮನೆಯವರು ಕೇಳುವುದುಂಟು. ಚೌಕಟ್ಟು ಗೋಡೆಯ ದಪ್ಪದೊಳಗೆ ಕೂತಿದ್ದರೆ ಅಂಥ ಕದ ಒಳಕ್ಕೆ ತೆರೆಯುವುದಿಲ್ಲ. ನಡುವಿನ ಎತ್ತರದ ಮೂಲೆ ಪಕ್ಕಕ್ಕೆ ತಿರುಗುವಾಗ ಕಮಾನಿನ ತಗ್ಗು ಭಾಗಕ್ಕೆ ಬಡಿಯುತ್ತದೆ. ಅದಕ್ಕೇ ಕಮಾನು ಶುರುವಾಗುವಲ್ಲಿ ಒಂದು ಅಡ್ಡಪಟ್ಟಿ ಕೊಟ್ಟು, ಮೇಲಿನದನ್ನು ಗಾಜಿಟ್ಟು ಕಾಯಂ ಮುಚ್ಚಿ, ಕೆಳಗೆ ಚೌಕದ ಕದ ಮಾಡಿದೆ. ಹಳೆಯ ಆಚಾರಿಗಳೂ ಎಷ್ಟೋ ಕಡೆ ಹೀಗೇ ಮಾಡಿದ್ದಾರೆ, ನೋಡಲೂ ಲಕ್ಷಣ.

"ಆಚಾರ್ರೇ, ಆ ಬಣ್ಣದ ಗಾಜು ಮಾತ್ರ ಬಿಸಾಕಬೇಡಿ" ಎಂದರು ಮನೆಯ ಅಜ್ಜಿ. "ಇಲ್ಲಮ್ಮ, ಅದನ್ನೇ ಮತ್ತೆ ಕೂರಿಸ್ತೀನಿ" ಎಂದೆ. ಗಾಜು ಹಿಡಿಸಲು ಹಾಕಿದ್ದ ಪುಟ್ಟಿ ಕಲ್ಲಾಗಿತ್ತು, ಅದನ್ನು ಸಣ್ಣ ಉಳಿಯಿಂದ ಚೂರುಚೂರೇ ಎಬ್ಬಿಸಬೇಕಾಯಿತು. ಉಳಿ ಯಾವಾಗಲೂ ಮರದ ಕಡೆಗೆ ವಾಲಿರಬೇಕು, ಗಾಜಿನ ಕಡೆಗಲ್ಲ. ಕೆಂಪು, ಹಸಿರು ಗಾಜುಗಳೆಲ್ಲ ಮುಕ್ಕಾಗದೆ ಬಂದವು.

ಹಿತ್ತಲ ಕಡೆ ಮಳೆ ಎರಚಲು ಜಾಸ್ತಿ, ಕೆಳಪಟ್ಟಿಯೂ ಗೆದ್ದಲಿಗೆ ಹೋಗಿತ್ತು. ಅಲ್ಲಿಗೆ ಅಲ್ಯೂಮಿನಿಯಂ ಒಪ್ಪಿಸಿದೆ. ಸಾಮಾನ್ಯವಾಗಿ ಸಿಗುವ 6063 ನಂಬರಿನ ಮಿಶ್ರಲೋಹದ ಸೆಕ್ಷನ್ನು (ಚೌಕಟ್ಟಿನ ಪಟ್ಟಿ) ಪೂರ್ತಿ ಗಡಸು ಮಾಡಿದ್ದಾದರೆ ಬಿಗಿ ಬಾಗಿಗೆ ಹೊರಮೈ ಬಿರುಕು ಬಿಡುತ್ತದೆ, ಒಳಮೈ ಸುಕ್ಕಾಗುತ್ತದೆ. ಅದಕ್ಕಿಂತ ಮೆದುವಾದ ಟಿ4 ಹದದ್ದು ಬೇಕೆಂದು ಕೇಳಿ ತರಿಸುವುದು ಒಳ್ಳೆಯದು. ಮೂರು ರೋಲರ್ ಮಷೀನಿನಲ್ಲಿ ಎರಡೂ ತುದಿ ಸ್ವಲ್ಪ ನೇರವಾಗಿಯೇ ಉಳಿಯುವುದರಿಂದ ಉದ್ದ ಹೆಚ್ಚು ಬಿಟ್ಟು ಬಾಗಿಸಿ, ಆಮೇಲೆ ಕತ್ತರಿಸುತ್ತೇನೆ. ಒಂದೇ ಸಲಕ್ಕೆ ಒತ್ತದೆ, ಪ್ರತಿ ಸುತ್ತಿಗೂ ಅಚ್ಚಿಗೆ ಹಿಡಿದು ನೋಡಬೇಕು. ಪೌಡರ್ ಕೋಟಿಂಗ್ ಬಾಗಿಸಿದ ಮೇಲೆಯೇ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ. ಹಾಗಾಗಿ ಚೌಕಟ್ಟು ತಯಾರಾದ ಮೇಲೆ ಅದರ ಅಚ್ಚು ಬೇರೆಯೇ ತೆಗೆದು ಗಾಜಿಗೆ ಕಳಿಸುತ್ತೇನೆ.

ಕೂರಿಸುವಾಗ ಸುಣ್ಣ, ಸಿಮೆಂಟು ಅಲ್ಯೂಮಿನಿಯಂಗೆ ತಾಗಿದರೆ ಕಲೆ ಹೋಗುವುದೇ ಇಲ್ಲ, ಆದ್ದರಿಂದ ಟೇಪು ಅಂಟಿಸಿಯೇ ಕೆಲಸ ಶುರು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಸುತ್ತಲಿನ ಸಂದಿಗೆ ನ್ಯೂಟ್ರಲ್ (ಆಮ್ಲ ಬಿಡದ) ಸಿಲಿಕೋನ್ ಹಾಕಿ. ಹುಳಿ ವಾಸನೆ ಹೊಡೆಯುವ ಅಗ್ಗದ ಸಿಲಿಕೋನ್ ಗಾರೆ ಗೋಡೆಗೆ ನಿಲ್ಲುವುದಿಲ್ಲ.