ಬೆಳಗಿನ ಓಟದ ದಾರಿಯೇ ನಿಮ್ಮ ಮೊದಲ ವೆಬ್ ಪುಟವಾಗಲಿ

ವೆಬ್ ಪುಟ ವಿನ್ಯಾಸ ಕಲಿಯಲು ಕುಳಿತವರು, ಪುಟದಲ್ಲಿ ಏನು ಬರೆಯಬೇಕೆಂದು ತೋಚದೆ ಅರ್ಧಕ್ಕೇ ಬಿಡುವುದನ್ನು ಕಂಡಿದ್ದೇನೆ. ಅಂಥವರಿಗೆ ನನ್ನ ಸಲಹೆ ಇಷ್ಟೆ: ಬೆಳಿಗ್ಗೆ ಓಡಿ, ಓಡಿದ ದಾರಿಯ ಬಗ್ಗೆಯೇ ಪುಟ ಮಾಡಿ. ಹಾಸನದಲ್ಲಿ ನನ್ನದು ಔಷಧಿ ಅಂಗಡಿ, ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಐದೂವರೆಗೆ ಎದ್ದರೆ ಅಷ್ಟರೊಳಗೆ ಎರಡಕ್ಕೂ ಧಾರಾಳವಾಗಿ ಸಮಯ ಸಿಗುತ್ತದೆ.

ಮೊದಲ ಐದು ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ ಸಾಕು. ಜೊತೆಗಿರುವವರೊಡನೆ ಒಂದು ವಾಕ್ಯ ಪೂರ್ತಿ ಮಾತನಾಡುವಷ್ಟು ಉಸಿರು ಉಳಿದಿರಬೇಕು. ವಾರಕ್ಕೆ ಮೂರು ದಿನ ಓಡಿ, ನಡುವೆ ಒಂದೊಂದು ದಿನ ಕಾಲಿಗೆ ಬಿಡುವು ಕೊಡಿ. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಹೃದಯದ ತೊಂದರೆಗೋ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಯವಿಟ್ಟು ಶುರು ಮಾಡಬೇಡಿ.

ಹೊಸಬರಿಗೆ ಊರ ನಡುವಿನ ಮಹಾರಾಜ ಪಾರ್ಕ್ ಒಳ್ಳೆಯದು; ವಾಹನಗಳ ಭಯವಿಲ್ಲ. ರಸ್ತೆಯಲ್ಲಾದರೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ, ಚಳಿಗಾಲದ ಮಂಜಿನಲ್ಲಿ ಎದ್ದು ಕಾಣುವ ಬಣ್ಣದ ಅಂಗಿ ಹಾಕಿಕೊಳ್ಳಿ. ನಾಯಿ ಬೊಗಳುತ್ತಾ ಬಂದರೆ ಓಟ ನಿಲ್ಲಿಸಿ ನಿಧಾನವಾಗಿ ನಡೆಯಿರಿ. ಓಡುವಾಗ ಕಣ್ಣು ತೆರೆದಿರಲಿ: ಎಲ್ಲಿ ಬೀದಿದೀಪ ಉರಿಯುವುದಿಲ್ಲ, ಮಳೆಗಾಲದಲ್ಲಿ ಎಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಎಲ್ಲಿ ಕುಳಿತು ಸುಧಾರಿಸಿಕೊಳ್ಳಬಹುದು. ಪುಟದ ಸರಕೆಲ್ಲ ಇದೇ.

ಮನೆಗೆ ಬಂದು ಸ್ನಾನ, ಕಾಫಿ ಮುಗಿಸಿ ಅರ್ಧ ಗಂಟೆ ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ. ದುಡ್ಡು ಕೊಟ್ಟು ಯಾವ ತಂತ್ರಾಂಶವನ್ನೂ ಕೊಳ್ಳಬೇಕಿಲ್ಲ, ವಿಂಡೋಸ್ ಕಂಪ್ಯೂಟರಿನಲ್ಲೇ ಇರುವ ನೋಟ್‌ಪ್ಯಾಡ್ ಸಾಕು. ಪುಟ ಬರೆಯುವುದು ಎಚ್‌ಟಿಎಂಎಲ್ ಎಂಬ ಗುರುತು ಭಾಷೆಯಲ್ಲಿ. ಕಡತಕ್ಕೆ 'index.html' ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಹೆಸರಿಡಿ. ಉಳಿಸುವಾಗ ಕಡತದ ಬಗೆಯಲ್ಲಿ 'ಆಲ್ ಫೈಲ್ಸ್', ಎನ್‌ಕೋಡಿಂಗ್‌ನಲ್ಲಿ ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನೂ ಉಳಿಸುವ ಯುಟಿಎಫ್-8 ಆರಿಸಿಕೊಳ್ಳಿ. ಪುಟದ ಹೆಡ್ ಭಾಗದಲ್ಲೂ (ಓದುಗರಿಗೆ ಕಾಣದ, ಬ್ರೌಸರ್‌ಗೆ ಸೂಚನೆ ಕೊಡುವ ಮೇಲಿನ ಭಾಗ) ಯುಟಿಎಫ್-8 ಎಂದು ನಮೂದಿಸಬೇಕು. ಇಲ್ಲದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸಬಹುದು. ಅಲ್ಲೇ, ಪುಟದ ಅಗಲವನ್ನು ಪರದೆಗೆ ಹೊಂದಿಸುವ ವ್ಯೂಪೋರ್ಟ್ ಸಾಲನ್ನೂ ಸೇರಿಸಿ. ಅದಿಲ್ಲದ ಪುಟ ಮೊಬೈಲಿನಲ್ಲಿ ಇರುವೆ ಸಾಲಿನಷ್ಟು ಚಿಕ್ಕದಾಗಿ ತೆರೆದುಕೊಳ್ಳುತ್ತದೆ.

ಮೊದಲ ಕೆಲವು ದಿನ ಒಂದು ಶೀರ್ಷಿಕೆ, ನಾಲ್ಕು ಪ್ಯಾರಾ, ಒಂದು ಕೊಂಡಿ (ಲಿಂಕ್) ಇಷ್ಟನ್ನೇ ಬರೆಯಿರಿ. ವೆಬ್ ಅನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿಗೆ ತೋರಿಸಿದ ವೆಬ್ ಪುಟದಲ್ಲಿದ್ದದ್ದೂ ಪಠ್ಯ ಮತ್ತು ಕೊಂಡಿಗಳೇ. ಬಣ್ಣ, ಅಳತೆ, ಅಂತರಗಳನ್ನು ಬೇರೆಯಾಗಿ ಬರೆಯುವ ಸಿಎಸ್‌ಎಸ್ ಆಮೇಲೆ ಬಂತು. ಅದರ ಮೊದಲ ಆವೃತ್ತಿ 1996ರದು. ನೀವೂ ಅದೇ ಕ್ರಮದಲ್ಲಿ ಕಲಿಯಿರಿ. ಬರಹ ಗಟ್ಟಿಯಾಗುವ ಮೊದಲೇ ಬಣ್ಣ ಹಚ್ಚಲು ಹೋಗಬೇಡಿ.

ಸಿಎಸ್‌ಎಸ್‌ಗೆ ಬಂದಾಗ ಒಂದು ಮಾತು ನೆನಪಿರಲಿ: ಪಾಠಗಳಲ್ಲಿ ಕೊಡುವ ಅಳತೆಗಳು ಸಾಮಾನ್ಯವಾಗಿ ಇಂಗ್ಲಿಷಿಗೆ ಹೊಂದುವಂಥವು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಗುಡಿಸು ಮೇಲೇರುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ 1.4 ಪಟ್ಟು ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುವಂತೆ ಕಾಣುತ್ತದೆ, ನಾನು 1.7 ಇಡುತ್ತೇನೆ. ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಎರಡೂ ಅಂಚು ಸಮಮಾಡುವ 'ಜಸ್ಟಿಫೈ' ಬೇಡವೇ ಬೇಡ: 'ಓಡಬೇಕಾಗಿರುವುದರಿಂದ' ಎಂಬಂಥ ಉದ್ದ ಪದಗಳು ಮೊಬೈಲಿನ ಕಿರಿದಾದ ಸಾಲಿಗೆ ಬಂದಾಗ ನಡುನಡುವೆ ದೊಡ್ಡ ಖಾಲಿ ಜಾಗ ಬೀಳುತ್ತದೆ. ಇಟಾಲಿಕ್ ಕೂಡ ಕನ್ನಡದ್ದಲ್ಲ. ಬ್ರೌಸರ್ ಅಕ್ಷರವನ್ನು ಬಲವಂತವಾಗಿ ವಾಲಿಸುತ್ತದಷ್ಟೆ. ಒತ್ತಿ ಹೇಳಬೇಕಾದಲ್ಲಿ ದಪ್ಪಕ್ಷರ ಬಳಸಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಹಿನ್ನೆಲೆಗೂ ಅಕ್ಷರಕ್ಕೂ ಹೊಳಪಿನ ಅಂತರ (ಕಾಂಟ್ರಾಸ್ಟ್) ಕನಿಷ್ಠ 4.5ಕ್ಕೆ 1 ಇರಬೇಕೆಂಬುದು, ದೃಷ್ಟಿ ಮಂದವಾದವರೂ ಓದುವಂತಿರಲೆಂಬ ವೆಬ್ ಸುಲಭಲಭ್ಯತೆಯ ಮಾನದಂಡ. ಬೂದು ಹಿನ್ನೆಲೆಯ ಮೇಲೆ ತಿಳಿ ನೀಲಿ ಅಕ್ಷರ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ.

ಇಷ್ಟು ಹಟ ಹಿಡಿಯಲು ಕಾರಣವಿದೆ. ಮಾತ್ರೆ ಪಟ್ಟಿಯ ಸಣ್ಣಕ್ಷರ ಓದಲಾಗದೆ "ಸ್ವಲ್ಪ ನೋಡಿ ಹೇಳಪ್ಪ" ಎಂದು ಕೈಗೆ ಕೊಡುವ ಹಿರಿಯರನ್ನು ದಿನವೂ ನೋಡುತ್ತೇನೆ. ನಾವು ಮಾಡುವ ಪುಟವನ್ನಾದರೂ ಅವರು ಯಾರನ್ನೂ ಕೇಳದೆ ಓದುವಂತಾಗಬೇಕು.

ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಹಾಗೆಯೇ ಏರಿಸಬೇಡಿ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಚಿತ್ರದಲ್ಲಿ ಏನಿದೆ ಎಂಬ ವಿವರಣೆಯನ್ನು ಕನ್ನಡದಲ್ಲೇ ಕೊಡಿ. ನೀವು ಒಬ್ಬರೇ ಓಡುವ ನಿಖರ ಸಮಯವನ್ನೂ ಮನೆಯಿಂದ ಹೊರಡುವ ಬೀದಿಯನ್ನೂ ಪುಟದಲ್ಲಿ ಹಾಕಬೇಡಿ. ಹೆಣ್ಣುಮಕ್ಕಳಂತೂ ಇದನ್ನು ಮರೆಯಲೇಬಾರದು. ಉದ್ಯಾನದ ಬಾಗಿಲಿನಿಂದ ದಾರಿ ಶುರುಮಾಡಿದರಾಯಿತು.

ಪುಟವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು. ಇಟ್ಟ ಮೇಲೆ, ಜೊತೆಗೆ ಓಡುವವರಲ್ಲಿ ಹಳೆಯ ಮೊಬೈಲ್ ಇರುವವರೊಬ್ಬರಿಗೆ ಕೊಂಡಿ ಕಳಿಸಿ, ಅಲ್ಲೇ ಬೆಂಚಿನ ಮೇಲೆ ಕುಳಿತು ಓದಿಸಿ. ಎಲ್ಲಿ ಬೆರಳಿನಿಂದ ಅಕ್ಷರ ಹಿಗ್ಗಿಸುತ್ತಾರೆ, ಎಲ್ಲಿ ಸಾಲು ತಪ್ಪುತ್ತಾರೆ ಎಂದು ಗಮನಿಸಿ ಬರೆದುಕೊಳ್ಳಿ. ಮರುದಿನದ ಅರ್ಧ ಗಂಟೆಯಲ್ಲಿ ಅದನ್ನು ಸರಿಪಡಿಸಿ.